ಮಕ್ಕಳು ಬಂದೂಕಿನ ಮಾತು ಎತ್ತಿದಾಗ

ಗೋವಿನಜೋಳ ಹಾಲುಗಾಳಿಗೆ ಬಂತೆಂದರೆ ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರು, ಹಲಗೇರಿ, ಮೆಡ್ಲೇರಿ ಕಡೆಯ ಹೊಲಗಳಲ್ಲಿ ರಾತ್ರಿ ಸದ್ದು ಶುರುವಾಗುತ್ತದೆ. ಒಬ್ಬರು ಡಬ್ಬ ಬಡಿಯುತ್ತಾರೆ, ಒಬ್ಬರು ಪಟಾಕಿ ಹಚ್ಚುತ್ತಾರೆ, ಇನ್ನೊಬ್ಬರು ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಿದ ಬಂದೂಕಿನಿಂದ ಢಂ ಎನ್ನಿಸುತ್ತಾರೆ. ಹಂದಿ ಹೊಕ್ಕ ಹೊಲವನ್ನು ಬೆಳಿಗ್ಗೆ ನೋಡಿದವರಿಗೆ ಈ ಸದ್ದಿನ ಹಿಂದಿನ ಸಂಕಟ ಗೊತ್ತು. ಊರಿನ ಮಕ್ಕಳು ಇದನ್ನೆಲ್ಲ ಕೇಳುತ್ತಲೇ ಬೆಳೆಯುತ್ತಾರೆ. ಅದೇ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಗುಂಡು ಹಾರಿಸುವ ಆಟವೂ ಇದೆ, ಅಮೆರಿಕದ ಶಾಲೆಯಲ್ಲಿ ಗುಂಡಿನ ದಾಳಿಯಾದ ಸುದ್ದಿಯೂ ಇದೆ. ಹೀಗಾಗಿ ಒಂದಲ್ಲ ಒಂದು ದಿನ ಊಟಕ್ಕೆ ಕೂತಾಗ ಪ್ರಶ್ನೆ ಬಂದೇ ಬರುತ್ತದೆ: "ಅಪ್ಪಾ, ನಾವೂ ಒಂದು ಬಂದೂಕ ತಗೊಂಡ್ರ ಏನಾಗ್ತದ? ಸರಕಾರದವ್ರು ಯಾಕ ಬ್ಯಾಡ ಅಂತಾರ?"

"ಸುಮ್ನ ಉಣ್ಣು" ಎಂದು ಬಾಯಿ ಮುಚ್ಚಿಸುವುದು ಸುಲಭ. ಆದರೆ ಮನೆಯಲ್ಲಿ ಉತ್ತರ ಸಿಗದ ಪ್ರಶ್ನೆಗೆ ಮಕ್ಕಳು ಹೊರಗೆ ಉತ್ತರ ಹುಡುಕುತ್ತಾರೆ, ಈಗಿನ ಕಾಲದಲ್ಲಿ ಅದು ಸಿಗುವುದು ರೀಲ್ಸ್‌ನಲ್ಲಿ. ಅದಕ್ಕೇ ಪೋಷಕರು ಮೂರು ಸಂಗತಿ ತಿಳಿದಿರಬೇಕು: ನಮ್ಮ ಕಾನೂನು ಏನು ಹೇಳುತ್ತದೆ, ಅದರ ಮೇಲೆ ಜನ ಯಾಕೆ ಜಗಳಾಡುತ್ತಾರೆ, ಮನೆಯೊಳಗೆ ನಾವು ಪಾಲಿಸಬೇಕಾದದ್ದೇನು. ಈ ಮೂರರಲ್ಲೂ ಹಾಯ್ದು ಬರುವ ಮಾತು ಒಂದೇ. ಬಂದೂಕು ಯಾರ ಕೈಯಲ್ಲಿದೆಯೋ ಅವರು ಅದರ ಪ್ರತಿ ಗುಂಡಿಗೂ ಲೆಕ್ಕ ಕೊಡಬೇಕು. ಲೆಕ್ಕ ಕೊಡುವಷ್ಟು ಬೆಳೆಯದವರ ಕೈಗೆ ಅದು ಸಿಗಬಾರದು.

ಕಾನೂನು ಹೇಳುವುದು

ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದಕ್ಕೆ 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಅನ್ವಯಿಸುತ್ತವೆ. ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯದು. ಅರ್ಜಿ ಕೊಟ್ಟ ಮೇಲೆ ಪೊಲೀಸರು ವಿಚಾರಣೆ ಮಾಡಿ ವರದಿ ಕಳಿಸುತ್ತಾರೆ. ಅರ್ಜಿದಾರರ ಮೇಲೆ ಕೇಸು ಇದೆಯೇ, ಊರಲ್ಲಿ ಹೊಡೆದಾಟದ ಹಿನ್ನೆಲೆ ಇದೆಯೇ, ಬಂದೂಕು ನಿಜಕ್ಕೂ ಬೇಕೇ ಎಂಬುದನ್ನೆಲ್ಲ ನೋಡುತ್ತಾರೆ. ವೈದ್ಯರ ಪ್ರಮಾಣಪತ್ರ ಬೇಕು, ಸುರಕ್ಷಿತವಾಗಿ ಬಳಸುವ ತರಬೇತಿ ಆಗಿರಬೇಕು, ಎಲ್ಲಿ ಹೇಗೆ ಭದ್ರವಾಗಿ ಇಡುತ್ತೇನೆಂದು ಬರೆದುಕೊಡಬೇಕು.

21 ವರ್ಷ ತುಂಬದವರಿಗೆ ಲೈಸೆನ್ಸ್ ಸಿಗುವುದಿಲ್ಲ. ಓಟು ಹಾಕಲು, ಗಾಡಿ ಓಡಿಸಲು 18 ಸಾಕು. ಬಂದೂಕಿಗೆ ಮಾತ್ರ ಇನ್ನೂ ಮೂರು ವರ್ಷ ಕಾಯಬೇಕು. ಶೂಟಿಂಗ್ ಕ್ರೀಡೆಯ ತರಬೇತಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು. ಕದ್ದುಮುಚ್ಚಿ ತಯಾರಿಸಿ ಮಾರಿದರೆ 7 ವರ್ಷದಿಂದ ಜೀವಾವಧಿ. ಮದುವೆ, ಮೆರವಣಿಗೆಯ ಖುಷಿಗೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, ಲೈಸೆನ್ಸ್ ಇದ್ದವರಿಗೂ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಮಕ್ಕಳಿಗೆ ಇಷ್ಟೆಲ್ಲ ಕಲಮುಗಳು ಬೇಡ. "ಲೈಸೆನ್ಸ್ ಇರೋದು ಒಬ್ಬರ ಹೆಸರಿಗೆ, ಮನಿಗಲ್ಲ" ಎಂದರೆ ಸಾಕು. ಅಜ್ಜನ ಹೆಸರಿನ ಬಂದೂಕನ್ನು ಮೊಮ್ಮಗ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟರೆ ಕಾನೂನಿನ ಕಣ್ಣಲ್ಲಿ ಆ ಕ್ಷಣಕ್ಕೆ ಅದು ಲೈಸೆನ್ಸ್ ಇಲ್ಲದ ಬಂದೂಕು.

ಹೊಲ ಕಾಯುವ ಬಂದೂಕು

ನಮ್ಮ ಭಾಗದಲ್ಲಿ ಬಂದೂಕಿನ ಚರ್ಚೆ ಹುಟ್ಟುವುದೇ ಹೊಲದಿಂದ. ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಮೊದಲು, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಯ ನಳಿಗೆಯ ಬೇರೆ ಬಂದೂಕಿಗೆ. ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರ ಅರ್ಜಿಯನ್ನೂ ತಿರಸ್ಕರಿಸುವಂತಿಲ್ಲ ಎಂದೂ ಕಾಯ್ದೆ ಹೇಳುತ್ತದೆ.

ಆದರೆ ಬಂದೂಕಿಗೆ ಸಿಕ್ಕ ಲೈಸೆನ್ಸ್ ಪ್ರಾಣಿ ಹೊಡೆಯಲು ಸಿಕ್ಕ ಪರವಾನಗಿ ಆಗುವುದಿಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. ಕಾಡುಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯೇ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಂದರೆ ಕೇಸು. ಚಿಗರಿ ಎಂದು ನಾವು ಕರೆಯುವ ಕೃಷ್ಣಮೃಗ ಮತ್ತು ನವಿಲು ಮೊದಲ ಅನುಸೂಚಿಯಲ್ಲಿವೆ. ಅವನ್ನು ಕೊಂದವರಿಗೆ 3ರಿಂದ 7 ವರ್ಷ ಜೈಲು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಚಿಗರಿಗೆ ಬೇಲಿ ಯಾವುದು, ಗಡಿ ಯಾವುದು ಗೊತ್ತಿಲ್ಲ. ಹಿಂಡುಹಿಂಡಾಗಿ ಹೊಲಕ್ಕೆ ಇಳಿಯುತ್ತವೆ. ರೈತನ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ದಾರಿ ಫೋಟೊ ಸಮೇತ ಅರಣ್ಯ ಇಲಾಖೆಗೆ ಬೆಳೆಹಾನಿ ಅರ್ಜಿ ಕೊಡುವುದು, ಸೋಲಾರ್ ಬೇಲಿ ಹಾಕುವುದು. ಕಂಬದಿಂದ ನೇರ ಕರೆಂಟು ಎಳೆದು ಬೇಲಿಗೆ ಬಿಡುವುದು ಬಂದೂಕಿಗಿಂತ ಕೆಟ್ಟದ್ದು. ಅದಕ್ಕೆ ಹಂದಿ ಯಾವುದು, ಹುಲ್ಲು ತರಲು ಹೋದ ಹುಡುಗ ಯಾರು ಎಂಬ ಭೇದವಿಲ್ಲ.

ಇನ್ನೊಂದು ತಕರಾರು ಚುನಾವಣೆ ಬಂದಾಗ ಏಳುತ್ತದೆ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್ ಇದ್ದವರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬರುತ್ತದೆ. ಅದೇ ಹೊತ್ತಿಗೆ ಹೊಲದಲ್ಲಿ ಫಸಲು ನಿಂತಿರುತ್ತದೆ. ಮಲೆನಾಡು, ಕರಾವಳಿಯ ರೈತರು ಇದರಿಂದ ವಿನಾಯಿತಿ ಕೇಳಿ ಹೈಕೋರ್ಟ್ ಮೆಟ್ಟಿಲು ಹತ್ತಿದ್ದುಂಟು. ಮತದಾರನನ್ನು ಹೆದರಿಸಲು ಬಂದೂಕು ಬಳಕೆಯಾಗಬಾರದು ಎಂಬುದು ಸರಕಾರದ ವಾದ. ತಪ್ಪೇ ಮಾಡದ ರೈತನನ್ನೂ ಅದೇ ಸಾಲಿಗೆ ಯಾಕೆ ನಿಲ್ಲಿಸುತ್ತೀರಿ ಎಂಬುದು ರೈತರ ವಾದ. ಎರಡರಲ್ಲೂ ಹುರುಳಿದೆ. ಮಕ್ಕಳಿಗೆ ಎರಡನ್ನೂ ಹೇಳಿ.

"ಹಲಗಲಿಯವ್ರು ಕೊಡ್ಲಿಲ್ಲ, ನಾವ್ಯಾಕ ಕೇಳಬೇಕು?"

ಹೈಸ್ಕೂಲು ಮುಟ್ಟಿದ ಮಕ್ಕಳು ಕೇಳಬಹುದಾದ ಗಟ್ಟಿ ಪ್ರಶ್ನೆ ಇದು. ಹಲಗಲಿಯ ಬೇಡರ ಲಾವಣಿಯನ್ನು ಈ ನಾಡಿನ ಮಕ್ಕಳು ಶಾಲೆಯಲ್ಲಿ ಓದಿದ್ದಾರೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಆಯುಧಗಳನ್ನು ಒಪ್ಪಿಸಿ ಎಂದರು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. ಹಾಗಾದರೆ ಅಂದು ಆಯುಧ ಕೊಡದವರು ವೀರರು, ಇಂದು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡವರು ಅಪರಾಧಿಗಳು ಹೇಗೆ?

ಈ ಪ್ರಶ್ನೆ ಎತ್ತಿದ ಮಗುವನ್ನು ಗದರಿಸಬೇಡಿ. ಸ್ವಾತಂತ್ರ್ಯ ಹೋರಾಟದ ಮುಂಚೂಣಿಯಲ್ಲಿದ್ದವರೇ ಇದನ್ನು ಕೇಳಿಕೊಂಡಿದ್ದರು. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಬಂದ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತು. ಜನರಿಗೆ ಸಿಟ್ಟು ಬಂದದ್ದು ಈ ಭೇದಕ್ಕೆ. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವುದು ಪ್ರತಿ ನಾಗರಿಕನ ಹಕ್ಕು ಎಂಬ ಮಾತೂ ಸೇರಿತ್ತು.

1948ರ ಡಿಸೆಂಬರ್‌ನಲ್ಲಿ ಇದು ಸಂವಿಧಾನ ಸಭೆಯಲ್ಲೂ ಚರ್ಚೆಗೆ ಬಂತು. ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಕರಾಚಿಯಲ್ಲಿ ಮಾತು ಕೊಟ್ಟಿದ್ದೇವಲ್ಲ, ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸೋಣ ಎಂದು ಅವರು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಹಕ್ಕೆಂದು ಬರೆದಿಟ್ಟರೆ ದರೋಡೆಕೋರನೂ ಅದೇ ಹಕ್ಕನ್ನು ಮುಂದೊಡ್ಡುತ್ತಾನೆ, ಆಗ ತಡೆಯುವುದು ಹೇಗೆ ಎಂಬುದು ಅವರ ಉತ್ತರದ ಸಾರ. ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನದ 19ನೇ ವಿಧಿ ನಮಗೆ ಸಭೆ ಸೇರುವ ಹಕ್ಕು ಕೊಟ್ಟಿದೆ, ಆದರೆ ಶಾಂತಿಯಿಂದ, ಆಯುಧವಿಲ್ಲದೆ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಲೈಸೆನ್ಸ್ ಇಲ್ಲದ ಬಂದೂಕುಗಳ ವಿಚಾರವನ್ನು ತಾನಾಗಿಯೇ ಕೈಗೆತ್ತಿಕೊಂಡು, ಅಮೆರಿಕದಲ್ಲಿರುವಂಥ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದಿತು.

ಮಗುವಿಗೆ ಹೇಳಬೇಕಾದ ಉತ್ತರ ಇಲ್ಲಿದೆ. ಹಲಗಲಿಯವರಿಗೆ ಆ ಕಾಯ್ದೆಯ ಬಗ್ಗೆ ಯಾರೂ ಒಂದು ಮಾತು ಕೇಳಿರಲಿಲ್ಲ. ಅವರಿಗೆ ಓಟು ಇರಲಿಲ್ಲ, ಅಪೀಲು ಹೋಗಲು ಕೋರ್ಟಿರಲಿಲ್ಲ. ಇಂದಿನ ಕಾಯ್ದೆಯನ್ನು ಮಾಡಿದ್ದು ನಮ್ಮ ಪ್ರತಿನಿಧಿಗಳು. ಲೈಸೆನ್ಸ್ ನಿರಾಕರಿಸಿದರೆ ಮೇಲ್ಮನವಿ ಇದೆ, ಕಾಯ್ದೆ ಸರಿಯಿಲ್ಲ ಎನಿಸಿದರೆ ಬದಲಿಸಿ ಎಂದು ಕೇಳುವ ದಾರಿ ಇದೆ. ಹಲಗಲಿಯವರನ್ನು ಗೌರವಿಸುತ್ತಲೇ ಇಂದಿನ ಕಾನೂನನ್ನು ಪಾಲಿಸಬಹುದು.

ಕೊಡಗಿನವರಿಗೆ ಯಾಕೆ ಬೇರೆ ನಿಯಮ?

ಕರ್ನಾಟಕದಲ್ಲೇ ಒಂದು ಜಿಲ್ಲೆಯವರಿಗೆ ವಿನಾಯಿತಿ ಇದೆ ಎಂದರೆ ಮಕ್ಕಳ ಕಣ್ಣು ಅರಳುತ್ತದೆ. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೆಲವು ಬಗೆಯ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಸಿಕ್ಕಿದ್ದು 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. 2019ರಲ್ಲಿ ಕೇಂದ್ರ ಸರಕಾರ ಈ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧ ಎಂದು ಹೈಕೋರ್ಟಿಗೆ ಹೋದ ಅರ್ಜಿ 2021ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. ವಿನಾಯಿತಿಗೂ ಷರತ್ತುಗಳಿವೆ, ಕಾಲಮಿತಿ ಇದೆ ಎಂಬುದನ್ನು ನ್ಯಾಯಾಲಯ ಗಮನಿಸಿತು.

"ಅವ್ರಿಗೆ ಕೊಟ್ಟಾರ, ನಮಗ್ಯಾಕಿಲ್ಲ?" ಎಂದು ಮಗು ಕೇಳಿದರೆ ಅದು ಸಹಜ. ತಲೆಮಾರುಗಳಿಂದ ಕೋವಿಯನ್ನು ಮನೆಯ ಹಿರಿಯರ ಕಣ್ಗಾವಲಲ್ಲಿ, ಕಟ್ಟುಪಾಡಿನೊಳಗೆ ಇಟ್ಟುಕೊಂಡು ಬಂದ ರೂಢಿಗೆ ಸಿಕ್ಕ ಮನ್ನಣೆ ಅದು ಎನ್ನುವವರು ಇದ್ದಾರೆ. ಬ್ರಿಟಿಷರ ಕಾಲದ ಸವಲತ್ತು ಈಗ ಯಾಕೆ ಎನ್ನುವವರೂ ಇದ್ದಾರೆ. ಹೈಸ್ಕೂಲು ಮಕ್ಕಳ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ.

ಬೇಕು ಎನ್ನುವವರು, ಬೇಡ ಎನ್ನುವವರು

ಲೈಸೆನ್ಸ್ ಸುಲಭವಾಗಲಿ ಎನ್ನುವವರ ಮಾತು ಹೀಗಿದೆ. ತೋಟದ ಮನೆಯಲ್ಲಿ ಒಂಟಿಯಾಗಿರುವವರಿಗೆ ಪೊಲೀಸರು ಬರುವತನಕ ಯಾರು ದಿಕ್ಕು? ಕೊಲೆ ಮಾಡುವವನು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಿಡಿದು ಬರುತ್ತಾನೆಯೇ? ಈ ಮಾತಿಗೆ ನಮ್ಮ ಹತ್ತಿರದಲ್ಲೇ ಕಹಿ ಉದಾಹರಣೆ ಇದೆ. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಕೊಂದದ್ದು ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅದಕ್ಕೆ ಲೈಸೆನ್ಸ್ ಎಲ್ಲಿತ್ತು?

ಬಿಗಿಯಾಗಲಿ ಎನ್ನುವವರು ಇದೇ ಉದಾಹರಣೆಯನ್ನು ತಿರುಗಿಸಿ ಇಡುತ್ತಾರೆ. ನಾಡ ಪಿಸ್ತೂಲು ಮಾಡುವವನನ್ನೂ ಮಾರುವವನನ್ನೂ ಹಿಡಿಯಲು ಕಠಿಣ ಕಾನೂನೇ ಬೇಕು. ಇನ್ನು ಮನೆಯಲ್ಲಿರುವ ಬಂದೂಕು ಕಳ್ಳನ ಮೇಲೆ ತಿರುಗುವುದಕ್ಕಿಂತ ದಾಯಾದಿ ಜಗಳದಲ್ಲಿ, ಕುಡಿದ ಮತ್ತಿನಲ್ಲಿ, ಮನಸ್ಸು ಕೆಟ್ಟ ಗಳಿಗೆಯಲ್ಲಿ ಮನೆಯವರ ಮೇಲೇ ತಿರುಗುವ ಭಯ ಹೆಚ್ಚು. ಬದು ಒತ್ತಿದ್ದಕ್ಕೆ ಕುಡಗೋಲು ಎತ್ತಿದ ಜಗಳಗಳನ್ನು ನೀವೂ ಕಂಡಿರುತ್ತೀರಿ. ಆ ಕೈಯಲ್ಲಿ ಬಂದೂಕು ಇದ್ದಿದ್ದರೆ ಬಿಡಿಸಲು ನಡುವೆ ಹೋಗುವ ಧೈರ್ಯ ಯಾರಿಗಿತ್ತು?

ಹಾವೇರಿ ಜಿಲ್ಲೆಯ ಮಕ್ಕಳಿಗೆ ಮೂರನೆಯ ಮಾತೊಂದೂ ಗೊತ್ತಿರಬೇಕು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬಿದ್ದದ್ದು ಬ್ರಿಟಿಷ್ ಸರಕಾರದ ಪೊಲೀಸರ ಗುಂಡಿಗೆ. ಸ್ವತಂತ್ರ ಭಾರತದಲ್ಲಿ, 2008ರ ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗೋಲಿಬಾರ್ ಮಾಡಿ ಇಬ್ಬರು ರೈತರು ಸತ್ತರು. ಅಂದರೆ ಲೆಕ್ಕ ಕೊಡಬೇಕಾದವರು ನಾಗರಿಕರಷ್ಟೇ ಅಲ್ಲ, ಸರಕಾರದ ಬಂದೂಕು ಹಿಡಿದವರೂ ಕೊಡಬೇಕು. ಪ್ರಶ್ನೆ ಕೇಳುವ ಮಗುವಿಗೆ ಇದನ್ನು ಮುಚ್ಚಿಟ್ಟರೆ ನಿಮ್ಮ ಉಳಿದ ಮಾತನ್ನೂ ಅದು ನಂಬುವುದಿಲ್ಲ.

ಅಮೆರಿಕದ ಸುದ್ದಿ ಬಂದಾಗ

ಅಮೆರಿಕದಲ್ಲಿ ಆಯುಧ ಹೊಂದುವುದು ಸಂವಿಧಾನದ ಹಕ್ಕು. 1791ರ ಎರಡನೇ ತಿದ್ದುಪಡಿಯಲ್ಲಿ ಅದು ಸೇರಿದೆ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅದೇ ದೇಶದಲ್ಲಿ 2020ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ರಸ್ತೆ ಅಪಘಾತವನ್ನೂ ಹಿಂದಿಕ್ಕಿ ಗುಂಡೇಟು ಮೊದಲ ಕಾರಣವಾಯಿತು. ಬೇರೆ ದೇಶಗಳು ಬೇರೆ ದಾರಿ ಹಿಡಿದವು. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಸತ್ತ ಮೇಲೆ ಆಸ್ಟ್ರೇಲಿಯಾ ಕಾನೂನು ಬಿಗಿ ಮಾಡಿ, ಹಣ ಕೊಟ್ಟು ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಜನರಿಂದ ವಾಪಸ್ ಪಡೆಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಅವರ ಶಿಕ್ಷಕಿ ಸತ್ತ ಮೇಲೆ ಬ್ರಿಟನ್ ಕೈಪಿಸ್ತೂಲುಗಳನ್ನು ನಿಷೇಧಿಸಿತು.

ಪೋಷಕರು ನೆನಪಿಡಬೇಕಾದ ಪ್ರಕರಣ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡಿನದು. 2021ರ ನವೆಂಬರ್ 30ರಂದು 15 ವರ್ಷದ ಹುಡುಗ ಶಾಲೆಯಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಪಿಸ್ತೂಲು ಕೆಲವೇ ದಿನ ಮೊದಲು ಅವನ ತಂದೆ ಖರೀದಿಸಿದ್ದು. 2024ರಲ್ಲಿ ನ್ಯಾಯಾಲಯ ತಂದೆಗೂ ತಾಯಿಗೂ ತಲಾ 10ರಿಂದ 15 ವರ್ಷ ಜೈಲು ವಿಧಿಸಿತು. ಬಂದೂಕು ಹಕ್ಕೆಂದು ಒಪ್ಪಿದ ದೇಶವೂ ಮಗುವಿನ ಕೈಗೆ ಅದು ಸಿಕ್ಕಿದ್ದಕ್ಕೆ ಹೆತ್ತವರನ್ನು ಹೊಣೆ ಮಾಡಿತು.

ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಿಮ್ಮ ಮಗಳು ಅಳಿಯ ಫೋನಿನಲ್ಲಿ ಸಿಕ್ಕಾಗ ಒಂದು ಮಾತು ಕೇಳಿ: ಮೊಮ್ಮಕ್ಕಳು ಆಡಲು ಹೋಗುವ ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ಬೀಗದಲ್ಲಿದೆಯೇ? ಅಲ್ಲಿನ ಮಕ್ಕಳ ವೈದ್ಯರೇ ಇದನ್ನು ಕೇಳಿ ಎನ್ನುತ್ತಾರೆ. ಹಾಗೆ ಕೇಳಿದರೆ ಯಾರೂ ತಪ್ಪು ತಿಳಿಯಬೇಕಿಲ್ಲ.

ಮನೆಯಲ್ಲಿ ಬಂದೂಕಿದ್ದರೆ

ಹಳೆಯ ಕೇಪಿನ ಬಂದೂಕನ್ನು ಹತ್ತಿರದಿಂದ ನೋಡಿದರೆ ಅದರ ಅಪಾಯ ತಿಳಿಯುತ್ತದೆ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜದಿಂದ ಗಿಡಿದು, ಮೇಲೆ ಗುಂಡು ಇಲ್ಲವೇ ಚರೆ ಹಾಕಿ, ಹಿಂದೆ ಕೇಪು ಕೂರಿಸುತ್ತಾರೆ. ಸಂಜೆ ತುಂಬಿಕೊಂಡು ಹೊಲಕ್ಕೆ ಹೋದವರು ಹಂದಿ ಬಾರದಿದ್ದರೆ ಬೆಳಿಗ್ಗೆ ತುಂಬಿದ ಬಂದೂಕಿನೊಂದಿಗೇ ಮನೆಗೆ ಬರುತ್ತಾರೆ. ಹೊಸ ಬಂದೂಕಿನಂತೆ ತೋಟಾ ತೆಗೆದು ಜೇಬಿಗೆ ಹಾಕಲು ಇದರಲ್ಲಿ ಬರುವುದಿಲ್ಲ. ಕೇಪು ತೆಗೆದು ಗೋಡೆಗೆ ಒರಗಿಸಿ ಮಲಗುತ್ತಾರೆ. ಮದ್ದು, ಗುಂಡು ಒಳಗೇ ಇರುತ್ತವೆ. ಶಾಲೆಗೆ ಹೊರಟ ಹುಡುಗನ ಕಣ್ಣಿಗೆ ಅದು ಖಾಲಿ ಬಂದೂಕು. ಕೇಪಿನ ಡಬ್ಬಿ ಎಲ್ಲಿದೆ ಎಂಬುದು ಅವನಿಗೆ ಗೊತ್ತು.

ಅದಕ್ಕೇ ಈ ಕಟ್ಟುಪಾಡುಗಳು. ತುಂಬಿದ ಬಂದೂಕು ಹೊಸ್ತಿಲು ದಾಟಿ ಒಳಗೆ ಬರಬಾರದು. ಖಾಲಿ ಮಾಡುವ ವಿಧಾನವನ್ನು ಲೈಸೆನ್ಸ್ ಪಡೆದ ಆಯುಧ ವ್ಯಾಪಾರಿಯಿಂದ ಅಥವಾ ತರಬೇತಿಯಲ್ಲಿ ಕಲಿತುಕೊಳ್ಳಿ. ಬಂದೂಕು ಒಂದು ಬೀಗದಲ್ಲಿ, ಮದ್ದು, ತೋಟಾ, ಕೇಪು ಇನ್ನೊಂದು ಬೀಗದಲ್ಲಿ ಇರಲಿ. ಕೀಲಿ ಮಾತ್ರ ಲೈಸೆನ್ಸ್‌ದಾರರ ಉಡಿದಾರದಲ್ಲೋ ಜೇಬಿನಲ್ಲೋ ಇರಲಿ, ದೇವರ ಜಗಲಿಯ ಮೇಲೆ ಬೇಡ. ಮಕ್ಕಳು ಮೊದಲು ಹುಡುಕುವುದು ಅಲ್ಲೇ. ಮಹಾನವಮಿಯ ಆಯುಧ ಪೂಜೆಗೆ ಹೊರತೆಗೆದರೆ ಖಾಲಿ ಇದೆಯೆಂದು ನೋಡಿಯೇ ತೆಗೆಯಿರಿ, ಪೂಜೆ ಮುಗಿದ ಕೂಡಲೇ ಒಳಗಿಡಿ.

"ನಮ್ಮ ಹುಡುಗ ಮುಟ್ಟಲ್ಲ, ಹೇಳೀನಿ" ಎಂದು ನಂಬಿ ಕೂರಬೇಡಿ. ಮುಟ್ಟಬಾರದೆಂದು ಪಾಠ ಹೇಳಿಸಿಕೊಂಡ ಮಕ್ಕಳೂ ದೊಡ್ಡವರಿಲ್ಲದಾಗ ಬಂದೂಕು ಸಿಕ್ಕರೆ ಎತ್ತಿಕೊಂಡು ನೋಡುತ್ತಾರೆ ಎಂಬುದನ್ನು ಅಮೆರಿಕದ ಅಧ್ಯಯನಗಳು ತೋರಿಸಿವೆ. ಪಾಠ ಬೇಕು, ಆದರೆ ಬೀಗದ ಬದಲಿಗೆ ಪಾಠ ಸಾಲದು. ಪಾಠವೂ ಚಿಕ್ಕದಿರಲಿ: ಎಲ್ಲೇ ಬಂದೂಕು ಕಂಡರೂ ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ಗೆಳೆಯ ಮುಟ್ಟಿದ್ದನ್ನು ಬಂದು ಹೇಳಿದರೆ ಚಾಡಿ ಎಂದು ಬೈಯಬೇಡಿ.

ಅಜ್ಜ ತೀರಿಕೊಂಡ ಮನೆಗಳಲ್ಲಿ ಬಂದೂಕು ಅಟ್ಟದ ಮೇಲೆ ಹಾಗೇ ಉಳಿಯುವುದುಂಟು. ಅದನ್ನು ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಿರಿ. ವಾರಸುದಾರರು ಬೇಕಿದ್ದರೆ ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು. ಹೆದರಿ ಬಾವಿಗೆ ಎಸೆಯುವುದು, ಹೊಲದಲ್ಲಿ ಹೂಳುವುದು ಬೇಡ.

ಬಂದೂಕು ಇಲ್ಲದ ಮನೆಯ ಬಂದೂಕುಗಳು

ನಮ್ಮೂರುಗಳಲ್ಲಿ ಬಹುತೇಕ ಮನೆಗಳಲ್ಲಿ ಬಂದೂಕಿಲ್ಲ. ಆದರೆ ಪೈಪಿನ ಕಾರ್ಬೈಡ್ ಬಂದೂಕು ಮಕ್ಕಳ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ. ಕ್ಯಾಲ್ಸಿಯಂ ಕಾರ್ಬೈಡಿನ ಚೂರಿಗೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಗ್ಯಾಸ್ ಲೈಟರಿನ ಕಿಡಿ ಸೋಕಿದರೆ ಸಿಡಿಯುತ್ತದೆ. ಒಂದು ಸಲ ಸಿಡಿಯದಿದ್ದರೆ ಹುಡುಗರು ಏನಾಯಿತೆಂದು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತಾರೆ. ಸಿಡಿಯುವುದು ಆಗಲೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಹೆಚ್ಚಿನವರು ಮಕ್ಕಳು, ಇಂಥದೇ ಪೈಪಿನಿಂದ ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಕೆಲವರು ದೃಷ್ಟಿ ಕಳೆದುಕೊಂಡರು. ಹೊಲಕ್ಕೆಂದು ಇಟ್ಟುಕೊಂಡಿದ್ದರೆ ಕಾರ್ಬೈಡ್ ಡಬ್ಬಿ ಮಕ್ಕಳಿಗೆ ಸಿಗದಂತಿರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ ಬಿಡದೆ ತೊಳೆಯುತ್ತಾ ಕಣ್ಣಿನ ಆಸ್ಪತ್ರೆಗೆ ಒಯ್ಯಿರಿ.

ಹಂದಿಗೆಂದು ಕಳ್ಳಬೇಟೆಯವರು ಬದುವಿನಲ್ಲಿ ಇಡುವ ಸಿಡಿಮದ್ದಿನ ಉಂಡೆಯದು ಇನ್ನೂ ದೊಡ್ಡ ಅಪಾಯ. ಮೇಯಲು ಹೋದ ಆಕಳ ಬಾಯಿ ಛಿದ್ರವಾಗುತ್ತದೆ, ಚೆಂಡೆಂದು ಎತ್ತಿಕೊಂಡ ಮಗುವಿನ ಕೈ ಹೋಗುತ್ತದೆ. ಹೊಲದಲ್ಲಿ ಗುರುತಿಲ್ಲದ ಉಂಡೆ, ಪೊಟ್ಟಣ ಕಂಡರೆ ಕಾಲಿನಿಂದಲೂ ಸರಿಸಬಾರದು, 112ಕ್ಕೆ ಫೋನ್ ಮಾಡಬೇಕು ಎಂದು ಕಲಿಸಿ.

ಏರ್‌ಗನ್ ಬಗ್ಗೆಯೂ ಒಂದು ಮಾತು. 0.177 ಇಂಚಿನ ನಳಿಗೆಯ, 20 ಜೌಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಹಾಗೆಂದು ಅದು ದೇವರಗುಡ್ಡದ ಜಾತ್ರೆಯ ಆಟಿಕೆ ಪಿಸ್ತೂಲಲ್ಲ. ಅದರ ಚರೆ ಕಣ್ಣು ತೆಗೆಯಬಲ್ಲದು, ಅದರಿಂದ ನವಿಲು ಹೊಡೆದರೂ ಜೈಲೇ.

ಆಟ, ರೀಲ್ಸ್, ಗುರಿ

ಮೊಬೈಲಿನಲ್ಲಿ ಗುಂಡಿನ ಆಟ ಆಡುವ ಮಗುವೆಲ್ಲ ನಾಳೆ ಗುಂಡು ಹಾರಿಸುತ್ತದೆ ಎಂದು ಭಯಪಡಬೇಕಿಲ್ಲ. ನೋಡಬೇಕಾದದ್ದು ನಿದ್ದೆ, ಓದು, ಸಿಟ್ಟು ಹೇಗಿದೆ ಎಂಬುದನ್ನು. ಆಟದಲ್ಲಿ ಸತ್ತವನು ಮತ್ತೆ ಏಳುತ್ತಾನೆ, ಗುಂಡಿಗೆ ಸದ್ದಿದೆ, ನೋವಿಲ್ಲ. ಈ ವ್ಯತ್ಯಾಸವನ್ನು ಪಕ್ಕದಲ್ಲಿ ಕೂತು ಮಾತಾಡಿ. ರೀಲ್ಸ್ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಮಾವನ ಬಂದೂಕು ಹಿಡಿದು ವಿಡಿಯೊ ಹಾಕಿದರೆ ಹುಡುಗನಿಗೂ ಕೇಸು, ಮಾವನ ಲೈಸೆನ್ಸಿಗೂ ಕುತ್ತು.

ನಿಜಕ್ಕೂ ಆಸಕ್ತಿ ಇರುವ ಮಗುವಿಗೆ ಒಳ್ಳೆಯ ದಾರಿಗಳಿವೆ. ಎನ್‌ಸಿಸಿ ಸೇರಿದರೆ .22 ರೈಫಲ್ ಹಿಡಿಯುವುದನ್ನು ಶಿಸ್ತಿನಿಂದ ಕಲಿಸುತ್ತಾರೆ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು ಏರ್ ರೈಫಲಿನಲ್ಲಿ, 2024ರಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಏರ್ ಪಿಸ್ತೂಲಿನಲ್ಲಿ. ಶೂಟಿಂಗ್ ರೇಂಜಿನ ಮೊದಲ ಪಾಠ ಗುರಿ ಇಡುವುದಲ್ಲ. ಪ್ರತಿ ಬಂದೂಕನ್ನೂ ತುಂಬಿದ್ದೆಂದೇ ತಿಳಿ, ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡ, ಹೇಳುವತನಕ ಬೆರಳು ಕುದುರೆಯ ಮೇಲೆ ಹೋಗಬಾರದು ಎಂಬುದು ಮೊದಲ ಪಾಠ.

ಮನಸ್ಸು ಕೆಟ್ಟ ದಿನಗಳಲ್ಲಿ

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳಲೇಬೇಕಾದದ್ದು. ಸಾಲ, ಬೆಳೆನಷ್ಟ, ಪರೀಕ್ಷೆ, ಪ್ರೇಮ, ಕುಡಿತ, ಯಾವುದರಿಂದಲೇ ಆಗಲಿ ಮನೆಯಲ್ಲಿ ಯಾರಾದರೂ ಕುಗ್ಗಿಹೋಗಿದ್ದರೆ ಬಂದೂಕನ್ನು ಕೆಲ ತಿಂಗಳು ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಇಟ್ಟುಬಿಡಿ. ಇದರಿಂದ ಮರ್ಯಾದೆ ಹೋಗುವುದಿಲ್ಲ. ಸಾಯಬೇಕೆನ್ನುವ ಯೋಚನೆ ಬಹಳ ಸಲ ಒಂದು ಗಳಿಗೆಯ ಬಿರುಗಾಳಿ, ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ನಮ್ಮ ಹೊಲಮನೆಗಳಲ್ಲಿ ಬಂದೂಕಿಗಿಂತ ಸುಲಭವಾಗಿ ಕೈಗೆ ಸಿಗುವುದು ಕೀಟನಾಶಕದ ಬಾಟಲಿ. ಅದಕ್ಕೂ ಇದೇ ಬೀಗ, ಇದೇ ಕಟ್ಟುಪಾಡು. ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಬಂದೂಕಿನ ಕಾನೂನು ಇನ್ನೂ ಬಿಗಿಯಾಗಬೇಕೋ ಸಡಿಲವಾಗಬೇಕೋ ಎಂಬುದರಲ್ಲಿ ನಿಮ್ಮ ಅಭಿಪ್ರಾಯ ನಿಮಗಿರಲಿ, ಮಗ ಮಗಳು ಬೇರೆ ಅಭಿಪ್ರಾಯ ಹೇಳಿದರೆ ಕೇಳಿಸಿಕೊಳ್ಳಿ. 21 ತುಂಬಿ, ನಿಜವಾದ ಅಗತ್ಯ ಬಂದರೆ ಅವರೇ ಅರ್ಜಿ ಹಾಕಲಿ, ಅಧಿಕಾರಿಯ ಪ್ರಶ್ನೆಗಳಿಗೆ ಅವರೇ ಉತ್ತರ ಕೊಡಲಿ. ಅಲ್ಲಿಯವರೆಗೆ ಅವರ ಪರವಾಗಿ ಲೆಕ್ಕ ಕೊಡಬೇಕಾದವರು ನೀವು. ಮನೆಯಲ್ಲಿ ಬಂದೂಕಿದ್ದರೆ ಅದು ಈಗ ಎಲ್ಲಿದೆ, ತುಂಬಿದೆಯೋ ಖಾಲಿಯೋ, ಕೀಲಿ ಯಾರ ಹತ್ತಿರ ಇದೆ ಎಂದು ಇವತ್ತು ರಾತ್ರಿ ಮಲಗುವ ಮುನ್ನ ಒಮ್ಮೆ ಎದ್ದುಹೋಗಿ ನೋಡಿ. ಇಲ್ಲದಿದ್ದರೆ ಕಾರ್ಬೈಡ್ ಡಬ್ಬಿ, ಕೀಟನಾಶಕದ ಬಾಟಲಿ ಎಲ್ಲಿವೆ ಎಂದು ನೋಡಿ.